ಗಿಣ್ಣು ಹಾಲಲ್ಲವಂತೆ

ಭೇರ್ಯ
೧೨–೬–೧೯೯೮

ಮಗುವಿನ ತಂದೆಯವರಿಗೆ ದಾಕ್ಷಾಯಿಣಿಯ ನಮಸ್ಕಾರ.

ಯುಗಾದಿಯಲ್ಲಿ ಮಗುವಿಗೆ ದೃಷ್ಟಿ ತಾಗಿತ್ತೆಂದು ನಿಮಗೆ ಹೇಳಿದ್ದು ಸುಳ್ಳು. ಹಸುವಿನ ಹಾಲು ಒಂದು ತೊಟ್ಟೂ ಅದರ ಮೈಗೆ ಆಗದೆಂದು ಡಾಕ್ಟರು ಹೇಳಿದ್ದು ನಿಮಗೆ ಗೊತ್ತೇ ಇದೆ. ಅತ್ತೆಯವರು ಹಾಲು ಕೊಡಲಿಲ್ಲ. ಕರು ಹಾಕಿದ ಹಸುವಿನ ಗಿಣ್ಣನ್ನು ಮಗುವಿನ ನಾಲಿಗೆಗೆ ಸವರಿದರು. ಮೈಯೆಲ್ಲ ದದ್ದೆದ್ದು ಮಗು ಉಸಿರಿಗೆ ಒದ್ದಾಡಿತು. ಕೇಳಿದ್ದಕ್ಕೆ, "ಗಿಣ್ಣು ಆಲಲ್ಲ ಕಣವ್ವ, ದ್ಯಾವ್ರಿಗೆ ಇಟ್ಟಿದ್ದು. ಏಳ್ನೇ ಕ್ಲಾಸಿಗೇ ಇಸ್ಕೂಲ್ ಬುಟ್ಟೋಳು ನಂಗ್ ಏಳ್ಕೊಡ್ತೀಯಾ?" ಎಂದರು.

ಅವರು ಕೆಟ್ಟವರಲ್ಲ. ಆಸ್ಪತ್ರೆಯಲ್ಲಿ ನನಗಿಂತ ಹೆಚ್ಚು ಅತ್ತರು. ಅದಕ್ಕೇ ನಿಮಗೆ ಮುಚ್ಚಿಟ್ಟೆ. ಆದರೆ ಅದು ದೃಷ್ಟಿಯೆಂದೇ ಅವರು ಈಗಲೂ ನಂಬಿದ್ದಾರೆ.

ಇವತ್ತು ಇನ್ನೊಂದು ಹಸು ಕರು ಹಾಕಿದೆ. ಅತ್ತೆ ಒಳಗೆ ಬೆಲ್ಲ ಕುಟ್ಟುತ್ತಿದ್ದಾರೆ. ಮಗುವನ್ನು ಕಂಕುಳಿನಿಂದ ಇಳಿಸದೆ ಕೂತಿದ್ದೇನೆ. ಆದರೂ ಒಮ್ಮೆಯಾದರೂ ನಾನು ನೀರಿಗೆ ಹೋಗಲೇಬೇಕಲ್ಲ.

ಅವರ ಮೇಲೆ ರೇಗಬೇಡಿ. ಕೊಪ್ಪದ ಕೆಲಸಕ್ಕೆ ರಜೆ ಸಿಕ್ಕಾಗ ಇಲ್ಲಿಗೆ ಬರದೆ ಅಂತರಸಂತೆಯ ನಮ್ಮಪ್ಪನ ಮನೆಗೆ ಬನ್ನಿ. ರಾಗಿ ಸರಿ ಸೋಸಲು ತೆಳುವಾದ ಬಟ್ಟೆ ತನ್ನಿ. ನಾಳೆ ಮೊದಲ ಬಸ್ಸಿಗೆ ಮಗುವನ್ನು ಎತ್ತಿಕೊಂಡು ಹೊರಡುತ್ತೇನೆ.

ಇಂತಿ,
ದಾಕ್ಷಾಯಿಣಿ