ಮಹದಿಯಾದ ಔಸ್ಸು ಸ್ನಾನ

ಸ್ಬೈತ್ಲಾ
19 ಆಗಸ್ಟ್ 2006

ಮಗನೇ ರಿಧಾ,

ಹೇಗಿದ್ದೀಯಪ್ಪ? ಆ ಹಾಳು ಕೆಮ್ಮು ಹೋಯಿತೇ? ಮೀನುದೋಣಿಯಲ್ಲಿ ಹಾಕುವ ರಬ್ಬರ್ ಬೂಟು ನಿನ್ನ ಎಡಗಾಲಿನ ಅಂಟು ಬೆರಳಿಗೆ ಈಗಲೂ ಕಚ್ಚುತ್ತದೆಯೇ? ಹತ್ತಿ ಸುತ್ತಿಕೊಂಡು ಹಾಕು ಎಂದು ಎಷ್ಟು ಸಲ ಹೇಳಿದ್ದೇನೆ. ನನ್ನ ಅಪ್ಪನಿಂದ ನಿನಗೂ ನಿನ್ನ ತಮ್ಮ ಅನೀಸನಿಗೂ ಬಂದ ಆಸ್ತಿ ಆ ಅಂಟು ಬೆರಳೊಂದೇ. ಚಿಕ್ಕವರಿದ್ದಾಗ ಇಬ್ಬರೂ ಕಾಲು ಚಾಚಿ ಕೂತು, "ನಂದು ಬಾತುಕೋಳಿ ಕಾಲು, ನಾನು ಮುಳುಗಲ್ಲ" ಎಂದು ಜಗಳವಾಡುತ್ತಿದ್ದಿರಿ.

ನಿನ್ನ ಅಪ್ಪ ಚೆನ್ನಾಗಿದ್ದಾರೆ ಎಂದೇ ಹೇಳಬೇಕು. ಊಟ ಮಾಡುತ್ತಾರೆ, ಕಾಫಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಯಾರಾದರೂ ಅನೀಸನ ಸುದ್ದಿ ಕೇಳಿದರೆ, "ಇಟಲೀಲಿ ಟೊಮೇಟೊ ಕೀಳ್ತಿದ್ದಾನೆ, ಫೋನ್ ಮಾಡೋಕೆ ಪುರುಸೊತ್ತಿಲ್ಲ" ಎನ್ನುತ್ತಾರಂತೆ. ಅವನು ಇಟಲಿಗೆಂದು ಕಳ್ಳದೋಣಿ ಹತ್ತಿದ್ದು ಮೇ ತಿಂಗಳಲ್ಲಿ, ಆಮೇಲೆ ಒಂದು ಸುದ್ದಿಯಿಲ್ಲ. ಕೇಳಿದವರೂ ಈಗ ತಲೆಯಾಡಿಸಿ ಬೇರೆ ಮಾತು ತೆಗೆಯುತ್ತಾರೆ.

ಹಿಂದಿನ ಬೀದಿಯ ಮಬ್ರೂಕಳ ಮಗ ನಿಜಾರನೂ ಅದೇ ದೋಣಿಯಲ್ಲಿ ಹೋದದ್ದು ನಿನಗೆ ಗೊತ್ತು. ಹೋದ ವಾರ ಮಹದಿಯಾದ ದಡಕ್ಕೆ ಒಂದು ಹೆಣ ಬಂದಿದೆ ಎಂಬ ಸುದ್ದಿ ಬಂತು. ಅಪ್ಪನಿಗೆ ಹೇಳಿದರೆ ನನ್ನನ್ನು ಕಳಿಸುವುದಿಲ್ಲ. ಅದಕ್ಕೇ ಔಸ್ಸು ಸ್ನಾನದ ನೆಪ ಹೇಳಿದೆ. ಈ ಔಸ್ಸು ಬಿಸಿಲಿನಲ್ಲಿ ಸಮುದ್ರದಲ್ಲಿ ಮುಳುಗಿದರೆ ವರ್ಷವಿಡೀ ಮಂಡಿನೋವು ಬರುವುದಿಲ್ಲವೆಂದು ಊರೆಲ್ಲ ಹೊರಡುವ ಕಾಲವಲ್ಲವೇ, ನಂಬಿದರು. ಪಾಪ, ತಾವೇ ಕಲ್ಲಂಗಡಿ ಹಣ್ಣು ಆರಿಸಿ ತಂದು ಚೀಲಕ್ಕೆ ಹಾಕಿಕೊಟ್ಟರು.

ಮಬ್ರೂಕ, ನಾನು, ಪಕ್ಕದ ಮನೆಯ ದೌಜಾ, ಮೂವರೂ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ದೌಜಾಳ ಬಾಯಿ ನಿನಗೆ ಗೊತ್ತಲ್ಲ. "ಸಾಲ್ಹಾ, ನೀನು ನೀರಿಗಿಳಿದ್ರೆ ಮೀನೆಲ್ಲ ಮಾಲ್ಟಾಗೆ ಓಡಿಹೋಗ್ತವೆ ಕಣೇ!" ಎಂದಳು. ವ್ಯಾನೆಲ್ಲ ನಕ್ಕಿತು, ಮಬ್ರೂಕಳೂ ನಕ್ಕಳು. ನಾನು ಒಳಗೊಳಗೇ ದೇವರನ್ನು ಬೇಡುತ್ತಿದ್ದೆ, ಅದು ನನ್ನ ಮಗನಾಗಿರದಿರಲಿ ಎಂದು. ಪಕ್ಕದಲ್ಲಿ ಮಬ್ರೂಕಳ ತುಟಿಯೂ ಅಲುಗುತ್ತಿತ್ತು. ಹಾಗಾದರೆ ಅದು ಯಾರ ಮಗನಾಗಿರಲಿ ಎಂದು ನಾವಿಬ್ಬರೂ ಬೇಡಿಕೊಂಡಂತಾಯಿತು, ನೀನೇ ಹೇಳು.

ಮಹದಿಯಾದಲ್ಲಿ ಕಾಲಿಡಲು ಜಾಗವಿಲ್ಲ. ಮದುವೆ ದಿಬ್ಬಣದ ಕಾರುಗಳ ಹಾರನ್ನು, ಮಲ್ಲಿಗೆ ಮಾರುವವರ ಕೂಗು, ಮರಳಿನ ತುಂಬ ಛತ್ರಿ. ನನಗೆ ಅವರೆಲ್ಲರ ಮೇಲೂ ಸಿಟ್ಟು ಬಂತು. ಆಸ್ಪತ್ರೆಯ ಗೇಟಿನ ಬಳಿ ದೌಜಾ ಕಲ್ಲಂಗಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು, ಒಳಗೆ ಬರಲು ಅವಳಿಗೆ ಧೈರ್ಯ ಸಾಲಲಿಲ್ಲ. ಒಳಗಿದ್ದವನು ಒಳ್ಳೆಯ ಮನುಷ್ಯ. "ಮುಖ ನೋಡೋದು ಬೇಡ ತಾಯಿ, ಮುಖದಲ್ಲಿ ಏನೂ ಉಳಿದಿಲ್ಲ" ಎಂದು ಹೊದಿಕೆಯನ್ನು ಸೊಂಟದ ಬಳಿ ಮಾತ್ರ ಸರಿಸಿ ಬೆಲ್ಟು ತೋರಿಸಿದ. ಮಬ್ರೂಕಳಿಗೆ ಪೊರೆ ಬಂದು ಕಣ್ಣು ಮಂಜು. ಅವಳು ಬೆಲ್ಟಿನ ಹಿತ್ತಾಳೆ ಬಕಲನ್ನು ಬೆರಳಲ್ಲಿ ತಡವಿದಳು, ಮತ್ತೆ ತಡವಿದಳು. "ಇದು ನಮ್ ನಿಜಾರಂದೇ! ಬಂದ್ಯಾ ಕಂದಾ? ಎಲ್ಲಿ ಹೋಗಿದ್ದೆ ಇಷ್ಟು ದಿನ?" ಎಂದು ಹೊತ್ತಾಗಿ ಮನೆಗೆ ಬಂದವನನ್ನು ಬೈಯುವಂತೆ ಬೈದು ಅವನ ಮೇಲೆ ಬಿದ್ದುಬಿಟ್ಟಳು. ಅಂಥ ಬೆಲ್ಟು ನಮ್ಮ ಸಂತೆಯಲ್ಲಿ ರಾಶಿ ರಾಶಿ ಸಿಗುತ್ತದೆ. ಆಸ್ಪತ್ರೆಯವನು ನನ್ನ ಕಡೆ ತಿರುಗಿ, "ನೀವು?" ಎಂದ. "ನಾನು ಇವರ ಜೊತೆಗೆ ಬಂದವಳು" ಎಂದೆ.

ಆ ಸ್ಥಿತಿಯಲ್ಲಿ ಊರಿಗೆ ತರುವಂತಿರಲಿಲ್ಲ. ಸಂಜೆ ಆ ಊರಿನ ಗಂಡಸರೇ ಹೆಗಲು ಕೊಟ್ಟು, ಸಮುದ್ರದ ಅಂಚಿನ ಹಳೆಯ ಗೋರಿಗಳ ನಡುವೆ ಮಣ್ಣು ಮಾಡಿದರು. ಹೆಂಗಸರು ಮಣ್ಣಿಗೆ ಹೋಗುವಂತಿಲ್ಲವಾದ್ದರಿಂದ ನಾವು ದೂರದಲ್ಲೇ ನಿಂತೆವು. ಕೆಳಗೆ ಬಂಡೆಯ ಮೇಲಿಂದ ಹುಡುಗರು ಕೂಗುತ್ತ ನೀರಿಗೆ ಹಾರುತ್ತಿದ್ದರು. ಸ್ನಾನಕ್ಕೆ ಬಂದವರ ಹಾಗೆ ರಾತ್ರಿ ಮರಳಿನ ಮೇಲೇ ಕಳೆದು, ಬೆಳಿಗ್ಗೆ ನಾವು ಗೋರಿಗೆ ಹೋದೆವು. ಹಕ್ಕಿಗಳಿಗೆಂದು ತಲೆಯ ಬಳಿ ಮಣ್ಣಿನ ಬಟ್ಟಲಿಟ್ಟು ಮಬ್ರೂಕ ನೀರು ಹಾಕಿದಳು. ನಾನೂ ಹಾಕಿದೆ.

ಆಮೇಲೆ ಸ್ನಾನವೂ ಆಗಬೇಕಿತ್ತು. ನಿಜಾರನ ಸುದ್ದಿ ಹೇಗೂ ಅಪ್ಪನ ಕಿವಿಗೆ ಬೀಳುತ್ತದೆ, ಆದರೆ ನಾನು ಹೆಣ ನೋಡಲೆಂದೇ ಹೋದದ್ದು ಅವರಿಗೆ ತಿಳಿಯಬಾರದು. ಉಟ್ಟ ಬಟ್ಟೆ ಉಪ್ಪಾಗದೆ ಮನೆಗೆ ಹೋದರೆ ಏನು ಹೇಳಲಿ? ಆ ನೀರಿಗೆ ಇಳಿಯಲು ನನಗೆ ಕಾಲೇ ಬರಲಿಲ್ಲ. ಮಬ್ರೂಕಳೇ ಕೈ ಹಿಡಿದು ಇಳಿಸಿದಳು. "ಅಳಬೇಡ ಸಾಲ್ಹಾ. ನನ್ ಮಗ ಸಿಕ್ಕಿದ, ಅಷ್ಟು ಸಾಕು ನಂಗೆ. ನಿನ್ ಮಗ ಬದುಕಿದ್ದಾನೆ, ನೋಡ್ತಿರು" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಕಲ್ಲಂಗಡಿಯನ್ನು ಯಾರೂ ತಿನ್ನಲಿಲ್ಲ. ದೌಜಾ ಅದನ್ನು ದಡದಲ್ಲಿ ಆಡುತ್ತಿದ್ದ ಮಕ್ಕಳಿಗೆ ಕೊಟ್ಟಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಾಳಿ ಎದ್ದ ದಿನ ಯಜಮಾನ ಎಷ್ಟೇ ಬೈದರೂ ದೋಣಿ ಹತ್ತಬೇಡ. ನಿನ್ನ ತಲೆಯ ಮೇಲೆ ದೇವರ ಕೈಯಿರಲಿ, ಅದರ ಮೇಲೆ ನನ್ನ ಕೈಯೂ ಇರಲಿ.

ನಿನ್ನ ಅಮ್ಮ,
ಸಾಲ್ಹಾ

ಮರೆತ ಮಾತು: ಅಪ್ಪ ನಮಾಜು ಮುಗಿಸಿ ಬರುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಇನ್ನು ಮೇಲೆ ಬಂದರು ಬಂದರು ಅಲೆದು ಅನೀಸನನ್ನು ಹುಡುಕಬೇಡ. ಮಬ್ರೂಕ ಮೇಲೆ ಬಿದ್ದಾಗ ಹೊದಿಕೆ ಪಾದದ ಕಡೆಯಿಂದಲೂ ಸರಿಯಿತು. ನಿನ್ನ ಎಡಗಾಲು ನೋಡಿಕೋ ಮಗನೇ, ಹಾಗೆಯೇ ಇತ್ತು. ಅವಳನ್ನು ಎಳೆದು ಎಬ್ಬಿಸಲು ನನ್ನಿಂದ ಆಗಲಿಲ್ಲ. ಅವಳಿಗೆ ಇದ್ದವನು ನಿಜಾರನೊಬ್ಬನೇ, ನನಗೆ ನೀನಿದ್ದೀಯ. ನಿಜಾರ್ ಎಂದಾದರೂ ಬಾಗಿಲಿಗೆ ಬಂದು ನಿಂತರೆ ಅವತ್ತು ನನ್ನ ಮಗನನ್ನು ನನಗೆ ಕೊಡು ಎಂದು ಕೇಳುತ್ತೇನೆ. ಅಪ್ಪನಿಗೆ ಹೇಳುವುದನ್ನು ನನಗೆ ಬಿಡು. ನೀನು ಬಂದಾಗ ಮೊದಲು ಮಹದಿಯಾಗೆ ಹೋಗು, ಕಲ್ಲಿನ ಮೇಲೆ ನಿಜಾರ್ ಎಂದಿರುತ್ತದೆ. ಬಟ್ಟಲಿಗೆ ನೀರು ಹಾಕು. ಮಬ್ರೂಕ ಜೊತೆಗಿದ್ದರೆ, ಅವಳ ಮಗನಿಗೆ ಎಂದೇ ಹಾಕು.