ಬೆಟ್ಟ ಹತ್ತಬಾರದ ವರ್ಷ

ಹೊಳೆನರಸೀಪುರ
೧೮ ಏಪ್ರಿಲ್ ೨೦೦೪, ಭಾನುವಾರ

ಮುರಳಿಗೆ,

ಪೂಜ್ಯ ಅಣ್ಣನವರಲ್ಲಿ ತಂಗಿ ಮೈತ್ರೇಯಿ ಮಾಡುವ ನಮಸ್ಕಾರಗಳು ಎಂದು ಬರೆಯಲು ಹೋಗಿ ನಿಲ್ಲಿಸಿದೆ. ನಮಸ್ಕಾರವನ್ನು ಕಾಲಿಗೆ ಮಾಡಬೇಕು. ನಿನ್ನ ಕಾಲು ಈ ಮನೆಯ ಹೊಸ್ತಿಲು ದಾಟಿ ಹತ್ತು ವರ್ಷವಾಯಿತು. ಇಲ್ಲಿ ನಾನು ಕ್ಷೇಮ. ನಿನ್ನ ಕ್ಷೇಮವನ್ನು ಮೊನ್ನೆ ಚನ್ನರಾಯಪಟ್ಟಣದ ಛತ್ರದಲ್ಲಿ ಕಣ್ಣಾರೆ ಕಂಡೆ, ನೀನು ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದೆ. ಆದ್ದರಿಂದ ಅದನ್ನೂ ಕೇಳುವುದಿಲ್ಲ.

ಛತ್ರದಲ್ಲಿ ನೀನು ಆಡಿದ ಮಾತಿಗೆ ಅಲ್ಲೇ ಉತ್ತರ ಕೊಡಬಹುದಿತ್ತು. ಪಾರ್ವತಮ್ಮತ್ತೆಯ ಮೊಮ್ಮಗಳ ಮದುವೆ ಕೆಡಬಾರದೆಂದು ಸುಮ್ಮನೆ ಬಸ್ ಹತ್ತಿದೆ. ಮಾತು ನಾಲಿಗೆಯ ಮೇಲೆ ಉಳಿದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ನಿನಗೆ ಗೊತ್ತು. ಹಾಗಾಗಿ ಬರೆಯುತ್ತಿದ್ದೇನೆ.

ನಡೆದದ್ದನ್ನು ನೀನು ಈಗಾಗಲೇ ನಿನಗೆ ಬೇಕಾದಂತೆ ತಿದ್ದಿಕೊಂಡಿರುತ್ತೀಯ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಾನು ಛತ್ರದ ಒಳಗೆ ಬರಲಿಲ್ಲ. ಜಗುಲಿಯಲ್ಲೇ ನಿಂತು ಅತ್ತೆಯ ಕೈಗೆ ಸೀರೆ ಕೊಟ್ಟು ಹೊರಟಿದ್ದೆ. ತಂದೆ ಹೋದ ವರ್ಷದಲ್ಲಿ ಕರ್ಮ ಮಾಡಿದವರು ಪರರ ಮನೆಯ ಶುಭಕಾರ್ಯದಲ್ಲಿ ಉಣ್ಣುವುದಿಲ್ಲ. ನೀನು ಒಳಗಿನ ಪಂಕ್ತಿಯಲ್ಲಿ, ನಿನ್ನ ಹಾಸನದ ಪುರೋಹಿತರ ಪಕ್ಕದಲ್ಲಿ, ಎಲೆ ತುಂಬಾ ಬಡಿಸಿಕೊಂಡು ಕೂತಿದ್ದೆ. ನನ್ನನ್ನು ಕಂಡದ್ದೇ ಅಲ್ಲಿಂದ ಕೂಗಿದೆ.

“ಏನಮ್ಮಾ, ಹಿಮಾಲಯಕ್ಕೆ ಹೊರಟಿದ್ದೀಯಂತೆ? ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ಕೊಳ್ಳಿ ಇಟ್ಟ ಕೈ ಅದು. ಕರ್ಮ ಮಾಡಿದವರು ಬೆಟ್ಟ ಹತ್ತಬಾರದು ಅನ್ನೋದು ಎಳೇ ಮಕ್ಕಳಿಗೂ ಗೊತ್ತು, ಇಷ್ಟು ಓದಿದೋಳಿಗೆ ಗೊತ್ತಿಲ್ವಾ?”

ಬಡಿಸುವವನು ಸೌಟು ಹಿಡಿದು ನಿಂತ. ನಿನ್ನ ಪುರೋಹಿತರು ಅನ್ನ ಕಲಸುವುದನ್ನು ನಿಲ್ಲಿಸಿದರು. ನೀನು ಏನು ಹೇಳಿಬಿಟ್ಟೆ ಎಂಬುದು ಅವರಿಗೆ ನಿನಗಿಂತ ಮೊದಲು ತಿಳಿಯಿತು. ನನ್ನ ಪಕ್ಕದಲ್ಲಿದ್ದ ಪಾರ್ವತಮ್ಮತ್ತೆಗೆ ಅದಕ್ಕಿಂತ ಮೊದಲು. ಅಪ್ಪನ ತಂಗಿ ಅಲ್ಲವೇ.

“ಹಂಗಾದ್ರೆ ಕರ್ಮ ಮಾಡಿದೋಳು ಅವಳೇ ಅಂತ ಒಪ್ಕೊಂಡೆ ಅನ್ನು. ಮತ್ತೆ ಹೊಳೆ ಹತ್ರ ಅಷ್ಟು ಕೂಗಾಡಿದ್ದು ಯಾಕೋ ಮುರಳಿ?”

“ಅತ್ತೆ, ನಿಮಗಿದೆಲ್ಲ ಗೊತ್ತಾಗಲ್ಲ, ಸುಮ್ನಿರಿ” ಎಂದು ನೀನು ಪಾಯಸದವನನ್ನು ಕರೆದೆ.

ಅತ್ತೆಗೆ ಗೊತ್ತಾಗಿದೆ, ಮುರಳಿ. ಆ ಪಂಕ್ತಿಯಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಾಗಿದೆ. ನಿನಗೂ ಗೊತ್ತಾಗಲಿ ಎಂದು ಹಿಂದಿನಿಂದ ಹೇಳಿಕೊಂಡು ಬರುತ್ತೇನೆ.

೧೯೯೪ರಲ್ಲಿ ಅರಕಲಗೂಡಿನ ಗಂಡನ ಮನೆ ಬಿಟ್ಟು ಒಂದು ಟ್ರಂಕು ಹಿಡಿದು ನಾನು ಇಲ್ಲಿಗೆ ಬಂದೆ. ಆ ಸಂಬಂಧ ನೋಡಿದವನು ನೀನು, ಅವನು ನಿನ್ನ ಬ್ಯಾಂಕಿನವನು. ನನ್ನ ಬೆನ್ನ ಮೇಲಿನ ಬರೆಯನ್ನು ಅಮ್ಮ ನೋಡಿದರು, ಅಪ್ಪನಿಗೆ ಹೇಳಿದರು, ಅಪ್ಪ ನಿನಗೆ ಹೇಳಿದರು. ನೀನು ಕೇಳಿದ್ದು ಒಂದೇ ಪ್ರಶ್ನೆ, ಇನ್ನು ಆಫೀಸಿನಲ್ಲಿ ಅವನ ಮುಖ ಹೇಗೆ ನೋಡಲಿ ಎಂದು. ಆಮೇಲೆ ಅಂಗಳದಲ್ಲಿ ನಿಂತು, ಇವಳು ಇಲ್ಲಿರುವ ತನಕ ಈ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದೆ. ಅಪ್ಪ ಒಳಗೆ ಹೋಗಿ ನನ್ನ ಟ್ರಂಕನ್ನು ನಡುಮನೆಯಿಂದ ತಮ್ಮ ಓದುವ ಕೋಣೆಗೆ ಎಳೆದುಕೊಂಡು ಹೋದರು. ಆ ಕೋಣೆಯಲ್ಲೇ ಓದಿ ನಾನು ಎಂ.ಎ. ಮುಗಿಸಿದ್ದು, ಕಾಲೇಜಿನಲ್ಲಿ ಚರಿತ್ರೆ ಹೇಳಲು ಸೇರಿದ್ದು. ನೀನು ಮಾತಿಗೆ ತಪ್ಪಲಿಲ್ಲ. ಅಮ್ಮ ಹೋದಾಗಲೂ ಹೊಳೆಯ ದಡಕ್ಕೆ ಬಂದು, ದಡದಿಂದಲೇ ಹಾಸನಕ್ಕೆ ಹೋದೆ. ಇಂಥ ನಿಷ್ಠೆಯನ್ನು ಒಳ್ಳೆಯ ಕೆಲಸದಲ್ಲಿ ತೋರಿಸಿದವರು ನಮ್ಮ ವಂಶದಲ್ಲಿ ಕಡಿಮೆ.

ಕಳೆದ ಆಷಾಢದಲ್ಲಿ ಅಪ್ಪ ಹೋದರು. ಬೆಳಿಗ್ಗೆಯೇ ನಿನ್ನ ಬ್ಯಾಂಕಿಗೆ ಫೋನು ಮಾಡಿಸಿದೆ. ಆಡಿಟ್ ನಡೆಯುತ್ತಿದೆ, ಮುಗಿಸಿ ಬರುತ್ತಾರೆ ಎಂದರು. ಹಾಸನದಿಂದ ಇಲ್ಲಿಗೆ ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯಲೂ ಹೊತ್ತಾಗುವುದಿಲ್ಲ. ಕಾದೆವು. ಮೋಡ ಕವಿಯಿತು, ಹೇಮಾವತಿಯಲ್ಲಿ ನೀರು ಏರುತ್ತಿತ್ತು, ಇನ್ನು ಇಡುವ ಹಾಗಿಲ್ಲ ಎಂದರು ನಮ್ಮ ಪುರೋಹಿತರು. ಅವರು ಅಪ್ಪನ ಹತ್ತಿರ ಸಂಸ್ಕೃತ ಕಲಿತವರು. ನನ್ನ ಮುಖ ನೋಡಿ, “ಮೇಷ್ಟರು ಇದ್ದಿದ್ದರೆ ಏನು ಹೇಳ್ತಿದ್ದರು ಅಂತ ನನಗೆ ಗೊತ್ತು, ಎದ್ದೇಳಮ್ಮ” ಎಂದರು. ನಾನು ಗಡಿಗೆ ಹೊತ್ತೆ. ಬೆಂಕಿ ಇಟ್ಟೆ. ಮಳೆಯಲ್ಲಿ ಅದು ಹತ್ತಿಕೊಳ್ಳುವ ತನಕ ನಿಂತಿದ್ದೆ.

ನೀನು ಬಂದದ್ದು ಹತ್ತನೆಯ ದಿನ. ಹೊಳೆಯ ಮೆಟ್ಟಿಲ ಮೇಲೆ ನಿಂತು, ಹೆಣ್ಣು ಮಾಡಿದ ಕರ್ಮ ಕರ್ಮವೇ ಅಲ್ಲ, ಮಗ ಬದುಕಿರುವಾಗ ಇದು ಅನಾಚಾರ, ಎಲ್ಲವನ್ನೂ ಮತ್ತೆ ಮಾಡಿಸುತ್ತೇನೆ ಎಂದು ಕೂಗಿದೆ. ಬಟ್ಟೆ ಒಗೆಯುತ್ತಿದ್ದವರು ಒಗೆಯುವುದನ್ನು ಬಿಟ್ಟು ಕೇಳಿದರು. ಕೂಗಿ ಸುಸ್ತಾದ ಮೇಲೆ ತಗ್ಗಿದ ದನಿಯಲ್ಲಿ, ಕೊನೆಯಲ್ಲಿ ಅಪ್ಪ ಏನಾದರೂ ಹೇಳಿದರಾ ಎಂದು ಕೇಳಿದೆ. ಏನೂ ಇಲ್ಲ ಎಂದೆ ನಾನು. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.

ಅಂದಿನಿಂದ ಪ್ರತಿ ತಿಂಗಳ ತಿಥಿಗೆ ನಾನು ಇಲ್ಲಿ ಮಾಸಿಕ ಮಾಡುತ್ತೇನೆ, ನೀನು ಅಲ್ಲಿ ಮಾಡುತ್ತೀಯ. ಇಳಿವಯಸ್ಸಿನಲ್ಲಿ ರಾತ್ರಿಯ ಊಟವನ್ನೇ ಬಿಟ್ಟಿದ್ದ ಮನುಷ್ಯ, ಈಗ ಒಂದೇ ದಿನ ಎರಡು ಊರಿನಲ್ಲಿ ಪಿಂಡ ತಿನ್ನಬೇಕಾಗಿದೆ. ಬರುವ ಆಷಾಢ ಬಹುಳ ಪಂಚಮಿಗೆ ವರ್ಷಾಬ್ದಿಕ. ಅದನ್ನು ಹಾಸನದ ನಿನ್ನ ಮನೆಯಲ್ಲಿ ಮಾಡುವುದಾಗಿ ನೀನು ನೆಂಟರಿಗೆಲ್ಲ ಹೇಳಿದ್ದೀಯ. ನನ್ನನ್ನೂ ಕರೆದಿದ್ದೀಯ, ಊಟಕ್ಕೆ.

ಈಗ ನನ್ನ ಬೆಟ್ಟದ ವಿಷಯ. ಹಾಸನದಲ್ಲಿ ಕೇದಾರ್ ಎನ್ನುವವರದು ಒಂದು ಚಾರಣ ಬಳಗವಿದೆ, ನಾನು ನಾಲ್ಕಾರು ವರ್ಷದಿಂದ ಅದರಲ್ಲಿದ್ದೇನೆ. ಮುಳ್ಳಯ್ಯನಗಿರಿಗೆ ಹೋದಾಗ ಗಂಡಸರು ನಕ್ಷೆ ಬಿಡಿಸಿಕೊಂಡು ಕೂತರು, ಹೆಂಗಸರು ಚಿತ್ರಾನ್ನ ಕಲಸಿದೆವು. ಕುದುರೆಮುಖಕ್ಕೆ ಹೋದಾಗ ನಕ್ಷೆ ಕಳೆದುಹೋಗಿತ್ತು, ಚಿತ್ರಾನ್ನ ಮಾತ್ರ ನಮಗೆ ತಪ್ಪಲಿಲ್ಲ. ಈ ಸಲ ಕೇದಾರ್ ತಮ್ಮ ಮನೆಯ ಹಿತ್ತಿಲಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹಿಮಾಲಯದ ಮೂರು ದಾರಿ ಹೇಳಿದರು. ಒಂದು, ಹೂವಿನ ಕಣಿವೆ, ಕುದುರೆ ಸಿಗುತ್ತದೆ. ಇನ್ನೊಂದು, ಹಳ್ಳಿಯಿಂದ ಹಳ್ಳಿಗೆ, ರಾತ್ರಿ ತಂಗಲು ಸೂರು ಇರುತ್ತದೆ. ಮೂರನೆಯದು ಕಿನ್ನೌರಿನಿಂದ ಹಿಮ ಮುಚ್ಚಿದ ಬೆಟ್ಟದ ನೆತ್ತಿಯೊಂದನ್ನು ದಾಟಿ ಗಡ್ವಾಲಿಗೆ ಇಳಿಯುವುದು. ದಿನಗಟ್ಟಲೆ ಊರಿಲ್ಲ, ಫೋನಿಲ್ಲ. ಅವರವರ ಹೊರೆ ಅವರವರ ಬೆನ್ನ ಮೇಲೆ, ಅಡುಗೆ ಸರದಿಯ ಪ್ರಕಾರ. ಹಿಮದ ನೆತ್ತಿ ದಾಟಿದ ಮೇಲೆ ಹಿಂದಕ್ಕೆ ಬರುವ ಮಾತಿಲ್ಲ, ಆ ಕಡೆಗೇ ಇಳಿಯಬೇಕು.

“ಇದು ನಿಮಗಲ್ಲ ಬಿಡಿ ಮೇಡಂ, ಹೂವಿನ ಕಣಿವೆ ಚೆನ್ನಾಗಿರುತ್ತೆ” ಎಂದರು ಕೇದಾರ್.

ನನಗೆ ಅಷ್ಟು ಸಾಕಾಯಿತು. ಮೂರನೆಯದಕ್ಕೆ ಕೈ ಎತ್ತಿದೆ. ಕೇದಾರ್ ತಪ್ಪು ತಿಳಿದರೇನೋ ಎಂದು ಇನ್ನೊಮ್ಮೆ ಎತ್ತಿದೆ. ನಾನು ಹುಟ್ಟಿದಾಗಿನಿಂದ ಜನ ನನಗೆ ಹೂವಿನ ಕಣಿವೆಗಳನ್ನೇ ತೋರಿಸುತ್ತ ಬಂದಿದ್ದಾರೆ. ನೀನು ತೋರಿಸಿದ ಅರಕಲಗೂಡೂ ಅಂಥದ್ದೇ ಒಂದು.

ಈಗ ಬೆಳಗಿನ ಹೊತ್ತು ಬೆನ್ನುಚೀಲಕ್ಕೆ ಇಟ್ಟಿಗೆ ತುಂಬಿಕೊಂಡು ನಾಲೆಯ ಏರಿಯ ಮೇಲೆ ನಡೆಯುತ್ತೇನೆ. ನಮಗೆ ಹಾಲು ಹಾಕುವ ವಿಜಯಮ್ಮ ಮೊದಲ ದಿನ ದಾರಿಗೆ ಅಡ್ಡ ನಿಂತಳು.

“ಬೆನ್ ಮ್ಯಾಲೆ ಏನ್ ಒತ್ಕಂಡಿದ್ದೀರಿ ಮೇಡಮ್ಮೋರೆ?”

ಇಟ್ಟಿಗೆ ಎಂದೆ. ಮನೆ ಕಟ್ಟುತ್ತೀರಾ ಎಂದಳು. ಇಲ್ಲ, ಸುಮ್ಮನೆ ಎಂದೆ.

“ಸುಮ್ಕೆ ಇಟ್ಗೆ ಒರೋರ್ನ ಇದೇ ಮೊದ್ಲು ಕಣವ್ವ ನೋಡಿದ್ದು. ನಮ್ಮನೇಲಿ ರಾಗಿ ಮೂಟೆ ಅದೆ. ಅದ್ನಾದ್ರೂ ಒತ್ಕಂಡ್ರೆ ಮಿಲ್ಲಿಗೆ ಓದಂಗಾಯ್ತದೆ.”

ಈಗ ವಾರಕ್ಕೊಮ್ಮೆ ಅವಳ ರಾಗಿಯನ್ನು ಮಿಲ್ಲಿಗೆ ಮುಟ್ಟಿಸುತ್ತೇನೆ. ನಲವತ್ತು ದಾಟಿದ ಕಾಲೇಜು ಮೇಡಂ ಮೂಟೆ ಹೊತ್ತು ಹೋಗುವುದನ್ನು ನೋಡಿ ಪೇಟೆಬೀದಿ ಮೊದಲು ನಕ್ಕಿತು, ಈಗ ದಾರಿ ಬಿಡುತ್ತದೆ.

ಈ ಸುದ್ದಿ ನಿನ್ನ ಕೌಂಟರಿಗೆ ಬಂತು. ನಿನಗೆ ಸಂತೋಷವಾಯಿತು. ತಂಗಿ ತಪ್ಪು ಮಾಡುತ್ತಿದ್ದಾಳೆ, ನೆಂಟರೆದುರು ಹಿಡಿಯಬಹುದು ಎನ್ನಿಸಿತು. ಆ ಸಂತೋಷದಲ್ಲಿ ನೀನು ಒಂದನ್ನು ಮರೆತೆ. ವರ್ಷ ತುಂಬುವ ತನಕ ಬೆಟ್ಟ ಹತ್ತಬಾರದು ಎನ್ನುವ ಕಟ್ಟು ಇರುವುದು ಕರ್ತೃವಿಗೆ, ಕರ್ಮ ಮಾಡಿದವರಿಗೆ. ನಾನು ಮಾಡಿದ್ದು ಕರ್ಮವೇ ಅಲ್ಲವಾದರೆ ನಾನು ಕರ್ತೃವಲ್ಲ, ಯಾವ ಬೆಟ್ಟವನ್ನಾದರೂ ಹತ್ತುವ ಸ್ವಾತಂತ್ರ್ಯ ನನಗಿದೆ, ಅಪ್ಪನ ಗತಿಗೆ ಅದರಿಂದ ಏನೂ ಆಗುವುದಿಲ್ಲ. ನಾನು ಹತ್ತಿದರೆ ಅಪ್ಪನಿಗೆ ಕೇಡು ಎನ್ನುವುದಾದರೆ ಅವರನ್ನು ಕಳಿಸಿಕೊಟ್ಟ ಕೈ ನನ್ನದೇ, ವರ್ಷಾಬ್ದಿಕವನ್ನೂ ಅದೇ ಕೈ ಮಾಡಬೇಕು. ಎರಡರಲ್ಲಿ ಒಂದು. ಕೊಳ್ಳಿ ಇಟ್ಟ ಕೈ ಎಂದು ಛತ್ರದಲ್ಲಿ ಕೂಗಿದವನು ನೀನು, ನಾನಲ್ಲ.

ಈ ಕಟ್ಟು ಮಕ್ಕಳೆಲ್ಲರಿಗೂ ಅನ್ವಯಿಸುತ್ತದೆ ಎಂದು ನೀನು ಹೇಳುತ್ತೀಯ. ಆಗಲಿ. ಮಾಘದಲ್ಲಿ ನಿನ್ನ ಹೆಂಡತಿ ಶ್ರೀಗೌರಿ ನಮ್ಮ ಪಕ್ಕದ ಮನೆಯವರ ಕೈಲಿ ತಿರುಪತಿಯ ಲಾಡು ಕಳಿಸಿದ್ದಳು, ಸಂಸಾರ ಸಮೇತ ಹೋಗಿ ಬಂದೆವೆಂದು. ತಿರುಮಲೆ ಯಾವಾಗಿನಿಂದ ಬಯಲುಸೀಮೆಯಾಯಿತು? ಬಸ್ಸು ಹತ್ತಿಸಿತು, ನಾನು ಹತ್ತಲಿಲ್ಲ ಎನ್ನುತ್ತೀಯಾ? ಆ ಲಾಡನ್ನು ನಾನು ತಿನ್ನಲಿಲ್ಲ, ಹಂಚಿಬಿಟ್ಟೆ. ನಿನ್ನನ್ನು ಅಂದು ತಡೆದವರು ಯಾರೂ ಇಲ್ಲ. ಯಾಕೆಂದರೆ ಮಾಸಿಕ ಮಾಡುತ್ತಿದ್ದ ನೀನೂ ಸೇರಿ, ನಿನ್ನನ್ನು ಕರ್ತೃವೆಂದು ಮನಸ್ಸಿನಲ್ಲಿ ಬಗೆದವರು ಯಾರೂ ಇರಲಿಲ್ಲ. ಬಗೆದಿದ್ದರೆ ಮೊನ್ನೆ ನೀನು ಆ ಎಲೆಯ ಮುಂದೆ ಕೂರುತ್ತಿರಲಿಲ್ಲ.

ನನಗೆ ಬೇಕಾದದ್ದು ಇಷ್ಟು. ನೀನು ಕರೆದ ನೆಂಟರಿಗೆಲ್ಲ ನೀನೇ ಫೋನು ಮಾಡಿ, ವರ್ಷಾಬ್ದಿಕ ಹೊಳೆನರಸೀಪುರದಲ್ಲಿ, ಅಪ್ಪನ ಮನೆಯಲ್ಲಿ, ಮೈತ್ರೇಯಿಯ ಕೈಯಿಂದ ಎಂದು ಹೇಳಬೇಕು. ನಿನ್ನ ಪುರೋಹಿತರಿಗೂ ಹೇಳಬೇಕು, ಅವರು ಒಪ್ಪುತ್ತಾರೆ, ಮೊನ್ನೆ ಅವರ ಮುಖ ನೋಡಿದ್ದೇನೆ. ನೀನು ಬರಬಹುದು. ಬಂದರೆ ಮೆಟ್ಟಿಲು ಹತ್ತಿ ಒಳಗೆ ಬರಬೇಕು, ಹೊಳೆಯ ದಡದಲ್ಲಿ ನಿಲ್ಲುವುದು ಬೇಡ. ನನ್ನ ಹಿಂದೆ ಕೂತು ದರ್ಭೆ ಮುಟ್ಟಿಕೊಳ್ಳಬೇಕು. ಮುಂದೆ ಕೂರುವವಳು ನಾನು.

ಹೇಳದಿದ್ದರೆ, ನಾನು ಕರ್ತೃವಲ್ಲ ಎಂದು ಅದೇ ನೆಂಟರೆದುರು ಇನ್ನೊಮ್ಮೆ ಹೇಳು. ಆಮೇಲೆ ನನ್ನ ಬೆಟ್ಟದ ಮಾತು ನಿನ್ನ ಬಾಯಲ್ಲಿ ಬರಕೂಡದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಇನ್ನು ನಾನು ಬಿಡುವುದಿಲ್ಲ. ಅಪ್ಪನ ಸಲುವಾಗಿ ಬಹಳ ದಿನ ಬಿಟ್ಟಿದ್ದೆ. ಅಣ್ಣನನ್ನು ಕೆರಳಿಸಬೇಡ, ಅವನು ಬಾರದೇ ಇರುವುದಕ್ಕೆ ಇನ್ನೊಂದು ನೆಪ ಸಿಗುತ್ತದೆ ಎನ್ನುತ್ತಿದ್ದರು.

ಶ್ರೀಗೌರಿಗೆ ನನ್ನ ನಮಸ್ಕಾರ. ಅವಳ ಮೇಲೆ ನನಗೆ ಕೋಪವಿಲ್ಲ.

ತಿರುನಾರಾಯಣ ಮೇಷ್ಟರ ಮಗಳು,
ಮೈತ್ರೇಯಿ

ತಾ.ಕ.: ತಂಡ ಹೊರಡುವುದು ಸೆಪ್ಟೆಂಬರಿನಲ್ಲಿ, ಅಲ್ಲಿ ಮಳೆ ಹಿಂದಾದ ಮೇಲೆ. ಅಷ್ಟು ಹೊತ್ತಿಗೆ ಅಪ್ಪನ ವರ್ಷಾಬ್ದಿಕ ಮುಗಿದಿರುತ್ತದೆ. ಕಾಲೇಜಿನವಳು ಎಂದಮೇಲೆ ಬೇಸಿಗೆ ರಜೆಯಲ್ಲೇ ಹೋಗುತ್ತಾಳೆ ಎಂದು ನೀವೆಲ್ಲ ಅಂದುಕೊಂಡಿರಿ. ಯಾವ ತಿಂಗಳು ಎಂದು ಅಷ್ಟು ದೊಡ್ಡ ಪಂಕ್ತಿಯಲ್ಲಿ ಒಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀನು ಒಪ್ಪು, ಬಿಡು. ಪಂಚಮಿ ಕಳೆಯುವ ತನಕ ನಾನು ಒಂದು ಗುಡ್ಡವನ್ನೂ ಹತ್ತುವುದಿಲ್ಲ. ಹತ್ತುವ ಯೋಚನೆ ನನಗೆ ಒಂದು ದಿನವೂ ಇರಲಿಲ್ಲ.