ಮುಚ್ಚಿಟ್ಟ ನಾಲ್ಕು ವರ್ಷ

ಕಾಖಂಡಕಿ
೧೨ ನವೆಂಬರ್ ೨೦೨೫

ತಂಗಿ ಲಲಿತಾಳಿಗೆ ನಿನ್ನ ಗುರುಬಾಯಿಯ ಪ್ರೀತಿ.

ದೀಪಾವಳಿಗೆ ಬರೆಯಬೇಕಿದ್ದ ಕಾಗದ ಹಬ್ಬದ ಕೆಲಸದಲ್ಲಿ ತಡವಾಗಿ ಈಗ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಅಥಣಿ ರಸ್ತೆಯ ನಿನ್ನ ಹೊಸ ಮನೆಗೆ ನೀರು ಸರಿಯಾಗಿ ಬರುತ್ತಿದೆಯೇ?

ಇಲ್ಲಿ ದೊಡ್ಡ ತಮಾಷೆಯಾಯಿತು. ಎಪ್ಪತ್ತು ತುಂಬಿದವರಿಗೆ ಸರ್ಕಾರದ ಆರೋಗ್ಯ ಕಾರ್ಡು ಕೊಡುತ್ತಾರೆಂದು ನಾವಿಬ್ಬರೂ ಬಬಲೇಶ್ವರಕ್ಕೆ ಹೋದೆವು. ನಮ್ಮವರದು ಐದು ನಿಮಿಷದಲ್ಲಿ ಮುಗಿಯಿತು. ನನ್ನ ಆಧಾರ ಕಾರ್ಡು ನೋಡಿ, ಕಂಪ್ಯೂಟರಿನ ಹುಡುಗಿ ಸಬೀರಾ ನಕ್ಕಳು: “ಅಜ್ಜಿ, ನಿಮಗಿನ್ನೂ ಅರವತ್ತೆಂಟು. ಎರಡು ವರ್ಷ ಬಿಟ್ಟು ಬರ್ರಿ.”

“ನನ್ನ ಮೊಣಕಾಲು ಎರಡು ವರ್ಷ ತಡಿಯಂಗಿಲ್ಲವ್ವಾ,” ಎಂದೆ. ಆಪರೇಷನ್ ಬೇಗ ಆಗಬೇಕೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

ಹುಡುಗ ನನಗಿಂತ ಎರಡು ವರ್ಷ ಸಣ್ಣವನೆಂದು ಅಪ್ಪ ಮದುವೆಯಲ್ಲಿ ನನ್ನ ವಯಸ್ಸು ನಾಲ್ಕು ವರ್ಷ ಇಳಿಸಿ ಹೇಳಿದ್ದು ನಿನಗೆ ಗೊತ್ತು. ಆಧಾರ ಮಾಡಿಸುವಾಗಲೂ ನಾನು ಅದನ್ನೇ ಬರೆಸಿದೆ. ಗಂಡ ಪಕ್ಕದಲ್ಲೇ ನಿಂತಿದ್ದಾಗ ಬೇರೇನು ಹೇಳಲಿ?

ಈಗಲೂ ಆಧಾರ ಕಾರ್ಡು ಎತ್ತಿಕೊಂಡು ಹೊರಡಲು ತಿರುಗಿದೆ. ಆಗ ನಮ್ಮವರೇ ಪಾಳಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳಿದರು: “ಇಕಿ ನನಗಿಂತ ಎರಡು ವರ್ಷ ದೊಡ್ಡಾಕಿ ಅದಾಳ. ಎಪ್ಪತ್ತೆರಡು ಅಂತ ಬರ್ಕೊ ತಂಗಿ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮದುವೆಯಾದ ವರ್ಷವೇ ನನ್ನ ಟ್ರಂಕಿನಲ್ಲಿ ಶಾಲೆಯ ಏಳನೇ ಇಯತ್ತೆಯ, ಹುಟ್ಟಿದ ತಾರೀಕಿದ್ದ ಸರ್ಟಿಫಿಕೇಟು ನೋಡಿದ್ದರಂತೆ! “ಮತ್ತ ಯಾಕ ಹೇಳಲಿಲ್ರಿ?” ಎಂದರೆ, “ಹೇಳಿದ್ರ ನೀ ನನಗ ‘ಲೇ’ ಅಂತಿದ್ದಿ,” ಎಂದರು. ಸಬೀರಾ ಮೇಜಿಗೆ ತಲೆಯಿಟ್ಟು ನಕ್ಕಳು. ಐವತ್ತೊಂದು ವರ್ಷ ನಾನು ಸುಮ್ಮನೆ ಹೆದರಿದೆ.

ಆ ಸರ್ಟಿಫಿಕೇಟಿನಿಂದ ಆಧಾರ ತಿದ್ದಲು ಕೊಟ್ಟಿದ್ದೇವೆ. ತಿದ್ದಿ ಬಂದ ದಿನವೇ ಕಾರ್ಡು ಮಾಡಿಕೊಡುತ್ತೇನೆಂದು ಸಬೀರಾ ಮಾತು ಕೊಟ್ಟಿದ್ದಾಳೆ. ನಿನಗೂ ಎಪ್ಪತ್ತಾಯಿತು, ನಾಳೆಯೇ ಹೋಗಿ ಮಾಡಿಸಿಕೋ. ಆಲಸ್ಯ ಮಾಡಬೇಡ.

ದೇವರು ನಿನ್ನನ್ನು ಗಟ್ಟಿಮುಟ್ಟಾಗಿ ಇಟ್ಟಿರಲಿ.

ನಿನ್ನ
ಗುರುಬಾಯಿ

ತಾ.ಕ.: ಈ ಕಾಗದ ತಡವಾದದ್ದು ಹಬ್ಬದ ಕೆಲಸದಿಂದಲ್ಲ. ಅಪ್ಪ ನನ್ನನ್ನು ಸಣ್ಣವಳು ಮಾಡಿದಾಗ ನೀನು ಲೋಕಕ್ಕೆ ಅಕ್ಕನಾದೆ. ನಿನ್ನನ್ನು ನೋಡಲು ಬಂದ ನಿಡೋಣಿಯವರು, “ತಂಗಿ ಮದಿವಿ ಮೊದಲ ಯಾಕಾತು? ದೊಡ್ಡಾಕಿಗೆ ಏನರ ಐಬು ಐತೇನು?” ಎಂದು ಕೇಳಿ ಎದ್ದುಹೋದರು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಆಮೇಲೆ ಯಾರೂ ಬರಲಿಲ್ಲ, ನೀನು ಒಂಟಿಯಾಗಿಯೇ ಉಳಿದೆ. ಒಂದು ದಿನವೂ ನನ್ನನ್ನು ಕೇಳಲಿಲ್ಲ. ಈಗಲಾದರೂ ಬೈದು ಬರೆ, ಲಲಿತಾ. ನನ್ನ ಮೊಣಕಾಲಿಗಾಗಿ ಹೊರಬಿದ್ದ ಸತ್ಯವನ್ನು ಅವತ್ತು ನಿನಗಾಗಿ ನಾನು ಹೇಳಲಿಲ್ಲ.